ಹಿನ್ನೀರಿನ ಕಾಡಿನಲ್ಲಿ ತಾಯಿ ಕೇಳಿಸಿದ ದನಿ

ಬೆಲ್ಲದ ಕಾಫಿಯ ಲೋಟ ಹಿಡಿದುಕೊಂಡು ನಾನು ಮೂರು ಗಾಡಿಗಳನ್ನೂ ಹತ್ತಿ ಇಳಿದೆ. ನನ್ನ ಅತ್ತೆ ಗಿರಿಜಮ್ಮ ಮೂರರಲ್ಲೂ ಇರಲಿಲ್ಲ.

ತಾಯಿ ಶಾರದೆಯನ್ನು ನಂಬಿ ಬದುಕುವ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸುಮಿತ್ರಾ. ಗಿರಣಿಯ ಸದ್ದಿನ ನಡುವೆ ಬದುಕುವವರು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಾರೆ. ಬರವಣಿಗೆಯಲ್ಲೂ ನನ್ನ ದನಿ ಏರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಸಲ ಸಂಕ್ರಾಂತಿ ಕಳೆದ ಮೇಲಿನ ಶನಿವಾರ ತಾಯಿ ನನಗೆ ಮಾಡಿದ ಉಪಕಾರವನ್ನು ಮೆಲ್ಲಗೆ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಅತ್ತೆಗೆ ಎಪ್ಪತ್ತೆಂಟು ದಾಟಿದೆ. ಶೃಂಗೇರಿಗೆ ಹೋಗಿ ತಾಯಿಯನ್ನು ನೋಡಬೇಕು, ಹೋಗುವ ಮೊದಲು ತಾನು ಹುಟ್ಟಿದ ಸೀಮೆಯನ್ನೂ ಒಮ್ಮೆ ಸುತ್ತಬೇಕು ಎಂಬುದು ಅವರ ಆಸೆ. ಹುಟ್ಟಿದ ಸೀಮೆ ಎಂದರೆ ನರಸಿಂಹರಾಜಪುರದಿಂದ ಆಚೆ, ಭದ್ರಾ ಹಿನ್ನೀರಿನ ಅಂಚು. ಅವರ ತವರಿನ ಗದ್ದೆ, ಮನೆ ಎಲ್ಲ ಡ್ಯಾಮಿನ ನೀರಿನಡಿ ಹೋಗಿ ಎಷ್ಟೋ ಕಾಲವಾಯಿತು. ಆಸೆಯೇನೋ ಸಣ್ಣದು. ತೊಡಕು ಏನೆಂದರೆ ಅತ್ತೆ ಹೋಟೆಲಿನಲ್ಲಿ ಉಣ್ಣುವುದಿಲ್ಲ, ಲಾಡ್ಜಿನಲ್ಲಿ ಮಲಗುವುದಿಲ್ಲ, ಕಂಡವರ ಬಚ್ಚಲಿಗೆ ಕಾಲಿಡುವುದಿಲ್ಲ. ಇದಕ್ಕೆ ದಾರಿ ಹುಡುಕಿದವನು ನನ್ನ ನಾದಿನಿ ಶೈಲಾಳ ಗಂಡ ಮಂಜಣ್ಣ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಗಾಡಿಯೊಳಗೇ ಮಂಚ, ಒಲೆ, ಬಚ್ಚಲು. ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರ ಬೇರೆ. ಕ್ಯಾರವಾನ್ ಅಂತ ಹೆಸರು.

ಅತ್ತೆ ವಿಡಿಯೋ ನೋಡಿ, "ಮನೆಗೇ ಚಕ್ರ ಹಾಕಿದಾರಲ್ಲ ಮಾರಾಯ. ಇದಾದ್ರೆ ಅಡ್ಡಿಲ್ಲ" ಎಂದರು.

ಹಾಗಾಗಿ ಮೂರು ಕ್ಯಾರವಾನ್ ಬಾಡಿಗೆಗೆ ಹಿಡಿದೆವು. ಮೊದಲನೆಯದರಲ್ಲಿ ನಾನು, ನನ್ನ ಯಜಮಾನರು ವೆಂಕಟೇಶ್, ಅತ್ತೆ. ಎರಡನೆಯದರಲ್ಲಿ ಶೈಲಾ ಮತ್ತು ಮಂಜಣ್ಣನ ಸಂಸಾರ. ಮೂರನೆಯದರಲ್ಲಿ ಅತ್ತೆಯ ತಂಗಿ ಪಾರ್ವತಮ್ಮ, ಅಂದರೆ ನಮ್ಮ ಚಿಕ್ಕತ್ತೆ, ಮತ್ತು ಅವರ ಮನೆಯವರು. ಹೆಸರಿಗೆ ಹಾಗೆ. ಅತ್ತೆ ಮಾತ್ರ ಮೂರು ಗಾಡಿಗೂ ಯಜಮಾನಿ. ಬೆಳಿಗ್ಗೆ ಒಂದರಲ್ಲಿ ಕೂತು ಎಲೆಅಡಿಕೆ ಹಾಕಿದರೆ ಮಧ್ಯಾಹ್ನ ಇನ್ನೊಂದರಲ್ಲಿ ಕಾಲು ಚಾಚುತ್ತಿದ್ದರು.

ಹೊರಡುವ ದಿನವೇ ಒಂದು ಪ್ರಕರಣ ಆಯಿತು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಕೊಪ್ಪದಲ್ಲಿ ನಮ್ಮ ಮನೆ ಎದುರು ಗಾಡಿ ನಿಂತಿದೆ. ಅತ್ತೆ ದೇವರಿಗೆ ಕೈಮುಗಿದು, ಬಲಗಾಲು ಹೊರಗಿಟ್ಟಿದ್ದಾರೆ. ಮೊದಲನೇ ಗಾಡಿಯ ಡ್ರೈವರ್ ಲೋಕೇಶ ಹಾಸನದ ಕಡೆಯ ಹುಡುಗ, ಬಹಳ ಮರ್ಯಾದಸ್ಥ. ಅತ್ತೆಯ ಕೈಯಿಂದ ಬ್ಯಾಗು ತೆಗೆದುಕೊಳ್ಳುತ್ತಾ, "ಎಲ್ಲಿಗಜ್ಜಿ, ಮೊದಲು ಎಲ್ಲಿಗೆ ಹೋಗೋಣ?" ಎಂದುಬಿಟ್ಟ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಅತ್ತೆ ಅಲ್ಲಿಂದಲೇ ಹಿಂದಿರುಗಿ ಒಳಗೆ ಹೋಗಿ ಚಾಪೆ ಮೇಲೆ ಕೂತರು. ಅವರು ಕೂತ ಮೇಲೆ ನಾವೂ ಕೂರಬೇಕಾಯಿತು. ಮೂರು ಗಾಡಿಯ ಜನ ಇಳಿದು ಬಂದು ಜಗುಲಿ ಮೇಲೆ ಕೂತು ನೀರು ಕುಡಿದು, ಬೆಲ್ಲ ತಿಂದು, ಮತ್ತೆ ಮೊದಲಿನಿಂದ ಹೊರಟದ್ದಾಯಿತು. ಲೋಕೇಶನ ಮುಖ ಸಣ್ಣದಾಗಿತ್ತು. ಮಂಜಣ್ಣ ಅವನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಮೂರು ದಿನ ಅಜ್ಜಿ ಎತ್ತ ಹೊರಟ್ರೂ ಬಾಯಿ ಬಿಡಬೇಡ ಮಾರಾಯ" ಎಂದ. ಆ ಬುದ್ಧಿಮಾತನ್ನು ಲೋಕೇಶನೂ ಪಾಲಿಸಿದ, ಮಂಜಣ್ಣ ತಾನೂ ಪಾಲಿಸಿದ. ಅದೇ ನಮಗೆ ಮುಳುವಾಯಿತು.

ಶುಕ್ರವಾರ ರಾತ್ರಿ ಶೆಟ್ಟಿಕೊಪ್ಪದಲ್ಲಿ ಗುರುತಿನವರ ಬಯಲಿನಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಶನಿವಾರ ನಮ್ಮ ದೊಡ್ಡ ಪ್ರಯಾಣದ ದಿನ. ನರಸಿಂಹರಾಜಪುರ ದಾಟಿ, ಹಿನ್ನೀರನ್ನು ಬಳಸಿಕೊಂಡು ಹೋಗುವ ಕಾಡುರಸ್ತೆಯಲ್ಲಿ ಸಾಗಿ, ಸಂಜೆಗೆ ಆಚೆ ದಡದ ಒಂದು ತೋಟದ ಬಯಲು ಸೇರುವುದು. ಭಾನುವಾರ ಅಲ್ಲಿಂದ ಶೃಂಗೇರಿ. ಪೇಟೆಯಲ್ಲಿ ತರಕಾರಿ, ಹಾಲು ತುಂಬಿಸಿಕೊಂಡೆವು. ಕಾಡಿನ ಗೇಟಿಗೆ ಸ್ವಲ್ಪ ಮೊದಲು ಒಂದು ಹಳ್ಳದ ಪಕ್ಕ ನೆರಳಿತ್ತು. ಚಪ್ಪರ ಚಾಚಿ, ಒಲೆ ಹಚ್ಚಿ ಅನ್ನ ಸಾರು ಮಾಡಿದೆವು. ಊಟವಾದ ಮೇಲೆ ಪಾತ್ರೆ ತೊಳೆದು, ಚಪ್ಪರ ಮಡಚಿ, ಮೂರು ಗಾಡಿ ಒಂದರ ಹಿಂದೆ ಒಂದು ಹೊರಟವು. ಹೊರಡುವ ಮೊದಲು ಲೋಕೇಶ ಉದ್ದಕ್ಕೆ ಹಾರನ್ ಮಾಡಿದ್ದ. ಅತ್ತೆ ನಮ್ಮ ಗಾಡಿಯಲ್ಲಿ ಇರಲಿಲ್ಲ. ಚಿಕ್ಕತ್ತೆಯ ಜೊತೆ ಹಳೇ ಮಾತು ತೆಗೆದು ಕೂತಿರಬೇಕು ಅಂದುಕೊಂಡು ನಾನು ನಿಶ್ಚಿಂತೆಯಿಂದ ಒಂದು ಕೋಳಿನಿದ್ದೆ ತೆಗೆದೆ.

ಸಂಜೆಯ ತನಕ ನಿಲ್ಲಬಾರದೆಂದು ಮಾತಾಗಿತ್ತು. ಆದರೆ ಕಾಡೊಳಗೆ ಸುಮಾರು ದೂರ ಹೋದ ಮೇಲೆ ಮೂರನೇ ಗಾಡಿಯ ಚಪ್ಪರದ ಕಂಬಿ ಸಡಿಲಾಗಿ ಗಡಗಡ ಹೊಡೆದುಕೊಳ್ಳಲು ಶುರುವಾಯಿತು. ಒಂದು ಅಗಲವಾದ ತಿರುವಿನಲ್ಲಿ ನಿಲ್ಲಿಸಿ ಅದನ್ನು ಬಿಗಿಯಬೇಕಾಯಿತು. ಎಲ್ಲರೂ ಗೊಣಗಿದರು, ನಾನೂ ಗೊಣಗಿದೆ. ನಿಂತಿದ್ದು ನಿಂತಾಯಿತು, ಕಾಫಿಯಾದರೂ ಆಗಲಿ ಎಂದು ಒಲೆ ಹಚ್ಚಿದೆ. ಅತ್ತೆಗೆ ಸಕ್ಕರೆಯ ಕಾಫಿ ಆಗುವುದಿಲ್ಲ. ಅವರ ಬೆಲ್ಲದ ಕಾಫಿಯನ್ನು ಬೇರೆ ಮಾಡಿ, ಲೋಟ ಹಿಡಿದುಕೊಂಡು ಹೊರಟೆ. ಆ ಕಂಬಿ ಅಲ್ಲಿ ಸಡಿಲಾಗದಿದ್ದರೆ ಅತ್ತೆ ಇಲ್ಲ ಎಂಬುದು ನಮಗೆ ಗೊತ್ತಾಗುವಾಗ ಕತ್ತಲಾಗಿರುತ್ತಿತ್ತು. ತಾಯಿಯ ಕೃಪೆ ಅಲ್ಲಿಂದಲೇ ಶುರುವಾಗಿತ್ತು ಎಂದು ನಾನು ನಂಬುತ್ತೇನೆ. ಆ ಗಳಿಗೆಯಲ್ಲಿ ಮಾತ್ರ ಹಾಗನ್ನಿಸಲಿಲ್ಲ.

"ಚಿಕ್ಕತ್ತೆ, ಅತ್ತೆ ಎಲ್ಲಿ?"

"ಅಕ್ಕನಾ? ಊಟ ಆದ್ಮೇಲೆ ನಮ್ಮ ಗಾಡಿಗೆ ಬರ್ಲೇ ಇಲ್ವಲ್ಲೇ. ನಿಮ್ಮಲ್ಲಿ ಮಲಗಿದಾಳೆ ಅಂದ್ಕೊಂಡೆ."

ಶೈಲಾ ತನ್ನ ಗಾಡಿಯ ಬಾಗಿಲಲ್ಲಿ ನಿಂತವಳು, "ಅತ್ತಿಗೆ, ಅಮ್ಮ ನಿಮ್ಮ ಜೊತೆ ಇಲ್ವಾ?" ಎಂದಳು. ಅವಳ ಹಿಂದೆ ನಿಂತಿದ್ದ ಮಂಜಣ್ಣ ತಲೆ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತ.

"ನಾನು ನೋಡಿದೆ ಅಕ್ಕ. ಪಾತ್ರೆ ಒಳಗಿಡೋ ಹೊತ್ತಲ್ಲಿ ಅತ್ತೆ ಹೂಬುಟ್ಟಿ ಹಿಡ್ಕೊಂಡು ಹಿಂದುಗಡೆ ಹೊರಟಿದ್ರು. ಹಿಂದಿನ ಗಾಡಿಗೆ ಹೋಗ್ತಿದಾರೆ ಅಂತ ಎಣಿಸಿದೆ. ಎಲ್ಲಿಗೆ ಅಂತ ಕೇಳೋಕೆ ಬಾಯಿವರೆಗೂ ಬಂತು. ಮತ್ತೆ ಎಲ್ಲರನ್ನೂ ಇಳಿಸಿ ಕೂರಿಸ್ತಾರೆ ಅಂತ ಸುಮ್ಮನಾದೆ" ಎಂದ ಮಂಜಣ್ಣ.

ಯಾರಿಗೆ ಬೈಯುವುದು? ಆ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ. ನಮ್ಮ ಕಡೆಯ ಒಬ್ಬರೂ ಕೇಳುತ್ತಿರಲಿಲ್ಲ.

ಯಜಮಾನರು ಫೋನು ಎತ್ತಿ ಹಿಡಿದು ರಸ್ತೆ ತುಂಬ ಓಡಾಡಿದರು. ಸಿಗ್ನಲ್ಲಿನ ಸುಳಿವೇ ಇಲ್ಲ. ನಾನು ಅತ್ತೆಯ ಬ್ಯಾಗು ತೆಗೆದು ನೋಡಿದರೆ ಅವರ ಕಿವಿಯ ಮೆಷಿನ್ ಒಳಗೇ ಇದೆ. ಊಟಕ್ಕೆ ಕೂರುವಾಗ ತೆಗೆದಿಟ್ಟದ್ದು. ಅದಿಲ್ಲದಿದ್ದರೆ ಅವರಿಗೆ ಪಕ್ಕದಲ್ಲಿ ಗುಡುಗಿದರೂ ಕೇಳದು. ಲೋಕೇಶ ಮಾಡಿದ ಹಾರನ್ ಎಲ್ಲಿಂದ ಕೇಳೀತು? ಆ ಪುಟ್ಟ ಮೆಷಿನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಆ ತಿರುವು ಅಗಲವಾಗಿದ್ದುದರಿಂದ ಗಾಡಿ ತಿರುಗಿಸಲು ಸಾಧ್ಯವಾಯಿತು. ಬೇರೆಲ್ಲಿ ನಿಂತಿದ್ದರೂ ಮೈಲಿಗಟ್ಟಲೆ ಹಿಮ್ಮುಖವಾಗಿ ಬರಬೇಕಿತ್ತು. ಉಳಿದ ಎರಡು ಗಾಡಿಗಳನ್ನು ಅಲ್ಲೇ ಕಾಯಲು ಬಿಟ್ಟು, ಮಂಜಣ್ಣನನ್ನೂ ಹತ್ತಿಸಿಕೊಂಡು ಲೋಕೇಶ ನಮ್ಮ ಗಾಡಿ ಓಡಿಸಿದ. ಊಟ ಮಾಡಿದ ಜಾಗಕ್ಕೆ ಬಂದರೆ ನಾವು ಕಲ್ಲುಗಳನ್ನಿಟ್ಟು ಕೈತೊಳೆದ ಜಾಗ ಇನ್ನೂ ಒದ್ದೆಯಿತ್ತು. ಅತ್ತೆ ಇರಲಿಲ್ಲ. ಹಳ್ಳದ ಗುಂಡಿಯನ್ನು ಇಣುಕಿ ನೋಡಿದೆವು. ನಾನು, ಯಜಮಾನರು, ಮಂಜಣ್ಣ ಎಲ್ಲ ಸೇರಿ, "ಅಮ್ಮಾ, ಅತ್ತೇ" ಎಂದು ಕೂಗಿದೆವು. ಕೇಳದ ಕಿವಿಗೆ ಕೂಗುತ್ತಿದ್ದೇವೆ ಎಂದು ಗೊತ್ತಿದ್ದರೂ ಕೂಗಿದೆವು.

ಸದ್ದು ಕೇಳಿ ಗೇಟಿನ ಕಡೆಯಿಂದ ಅರಣ್ಯದ ವಾಚರ್ ಒಬ್ಬರು ಬಂದರು. ಹೆಸರು ದೇವಪ್ಪ. ವಿಷಯ ತಿಳಿದ ಕೂಡಲೇ ಅವರು ಹೇಳಿದ ಮೊದಲ ಮಾತು, "ಕೂಗಬೇಡಿ."

"ಯಾಕೆ?" ಎಂದು ಯಜಮಾನರು ರೇಗಿದರು.

"ಆನೆ ಗುಂಪು ಈ ಕಡೆನೇ ಇದೆ ಸಾರ್, ನಿನ್ನೆಯಿಂದ. ಮರಿ ಬೇರೆ ಇದೆ. ಹೊತ್ತು ಇಳೀತಿದ್ದಂಗೆ ನೀರಿಗೆ ಬರ್ತಾವೆ. ಗಲಾಟೆ ಮಾಡಿ ಗಾಬರಿ ಮಾಡಿದ್ರೆ ಅಜ್ಜಿಗೇ ತೊಂದರೆ."

ಯಜಮಾನರು ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡಿದ್ದು ಅವತ್ತೇ. ಅಜ್ಜಿ ವಾಪಸು ಊರಿನ ಕಡೆ ರಸ್ತೆ ಹಿಡಿದು ನಡೆದಿರಬಹುದು ಎಂದು ದೇವಪ್ಪನವರಿಗೆ ತೋರಿತು. ಅದೂ ಸರಿಯೆನ್ನಿಸಿ ಯಜಮಾನರು, ಲೋಕೇಶ ಗಾಡಿಯಲ್ಲಿ ಆ ಕಡೆ ಹೊರಟರು. ಸಿಗ್ನಲ್ ಸಿಕ್ಕ ಕಡೆ ಪೊಲೀಸರಿಗೂ ತಿಳಿಸುವುದೆಂದಾಯಿತು. ನಾನು, ಮಂಜಣ್ಣ, ದೇವಪ್ಪ ಹಳ್ಳದ ಹತ್ತಿರವೇ ಉಳಿದೆವು.

ಅತ್ತೆ ಹೂವಿಗೆ ಹೋದದ್ದು ಎಂಬುದೊಂದೇ ನನಗೆ ಗೊತ್ತಿದ್ದದ್ದು. ದೇವರ ಹೂ ಕೊಯ್ಯುವಾಗ ಅವರು ಯಾರ ಜೊತೆಗೂ ಮಾತಾಡುವುದಿಲ್ಲ, ಹೇಳಿ ಹೋಗುವುದೂ ಇಲ್ಲ. ಹಾಗಾಗಿ ಹೂವಿನ ಜಾಡು ಹಿಡಿದೆ. ಹಳ್ಳದ ಆಚೆ ಕೇಪಳದ ಗಿಡಗಳು ಕೆಂಪಗೆ ಹೂ ಬಿಟ್ಟಿದ್ದವು. ಕೆಲವು ಗಿಡಗಳಲ್ಲಿ ತೊಟ್ಟು ಮಾತ್ರ ಉಳಿದಿತ್ತು. ಅಲ್ಲಿಂದ ನಾಲ್ಕು ಹೆಜ್ಜೆಗೆ ದಾರಿ ಎರಡಾಗಿ ಒಡೆದಿತ್ತು. ಒಂದು ಜೀಪು ಓಡಾಡುವ ಅಗಲದ ದಾರಿ. ಇನ್ನೊಂದು ಕಾಲುದಾರಿ, ಹುಡುಕಿದರಷ್ಟೇ ಕಾಣುವಂಥದು. ಅಗಲದ ದಾರಿಗೆ ಅಡ್ಡವಾಗಿ ಒಂದು ಹಸಿ ಸೊಪ್ಪಿನ ಟೊಂಗೆ ಬಿದ್ದಿತ್ತು.

"ಯಾರೋ ಸೊಪ್ಪು ಮುರಿದು ಬಿಸಾಡಿದಾರೆ" ಎಂದು ದೇವಪ್ಪ ಅದನ್ನು ದಾಟಲು ಹೋದರು.

"ತಡೀರಿ ಅಣ್ಣ. ಅದನ್ನ ಮುಟ್ಟಬೇಡಿ."

ನಾನು ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಶೃಂಗೇರಿಗೆ ನಡೆದುಕೊಂಡು ಹೋಗಿದ್ದೆ. ಅತ್ತೆಯ ನಡಿಗೆ ಬಿರುಸು. ಅವರು ಮುಂದೆ, ನಾವು ನಾಲ್ಕು ಜನ ಹೆಂಗಸರು ಎಷ್ಟೋ ಹಿಂದೆ. ಆದರೂ ನಾವು ದಾರಿ ತಪ್ಪಲಿಲ್ಲ. ದಾರಿ ಒಡೆದಲ್ಲೆಲ್ಲ ಅತ್ತೆ ಒಂದು ಟೊಂಗೆ ಮುರಿದು, ಹೋಗಬಾರದ ದಾರಿಗೆ ಅಡ್ಡ ಹಾಕಿ, ಗಾಳಿಗೆ ಸರಿಯದ ಹಾಗೆ ಮೇಲೊಂದು ಕಲ್ಲಿಟ್ಟು ಹೋಗುತ್ತಿದ್ದರು. ಕಾಡಿನಲ್ಲಿ ನಡೆದವರ ಹಳೇ ಕ್ರಮ ಅದು. ಬಸ್ಸು ಹತ್ತಲು ಕಲಿತ ಮೇಲೆ ನಾವೆಲ್ಲ ಮರೆತೆವು. ಅತ್ತೆಗೆ ಈಗೀಗ ನಿನ್ನೆ ತಿಂದ ತಿಂಡಿ ನೆನಪಿರುವುದಿಲ್ಲ, ಆದರೆ ಅಂಥದೆಲ್ಲ ಒಂದೂ ಮರೆತಿಲ್ಲ.

ಬಗ್ಗಿ ನೋಡಿದೆ. ಟೊಂಗೆಯ ಬುಡದ ಮೇಲೆ ಕಲ್ಲಿತ್ತು. ಕಲ್ಲಿನ ಮೇಲೆ ಒಂದು ಕೇಪಳದ ಹೂವಿತ್ತು.

"ಮಂಜಣ್ಣ, ಅತ್ತೆ ಕಾಲುದಾರೀಲಿ ಹೋಗಿದಾರೆ. ನಾವು ಹಿಂದೆ ಬರ್ತೀವಿ ಅಂತ ಗುರುತು ಇಟ್ಟು ಹೋಗಿದಾರೆ" ಎಂದೆ.

ಸಂತೋಷವಾಯಿತೇ ಎಂದರೆ ಆಗಲಿಲ್ಲ. ಏಕೆಂದರೆ ದೇವಪ್ಪನವರ ಮುಖ ಬಿಳುಚಿತ್ತು. "ಅಕ್ಕ, ಈ ದಾರಿ ಎಲ್ಲಿಗೂ ಹೋಗೋದಿಲ್ಲ. ಹಿಂದೆ ಊರಿತ್ತಂತೆ, ಆ ಕಾಲದ್ದು. ಈಗ ಸೀದಾ ಹೋಗಿ ನೀರಿಗೆ ಇಳೀತದೆ."

ಆಗ ನನಗೆ ಎಲ್ಲ ತಿಳಿಯಿತು. ಅದು ಅತ್ತೆಯ ತವರಿನ ದಾರಿ. ಗಾಡಿಗಳು ಹೋಗಿಬಿಟ್ಟಿದ್ದು ನೋಡಿ, ರಸ್ತೆ ಸುತ್ತಿ ಬರುತ್ತದೆ, ಒಳದಾರಿಯಲ್ಲಿ ನಾನೇ ಮೊದಲು ಮುಟ್ಟುತ್ತೇನೆ ಎಂದು ಹೊರಟಿದ್ದಾರೆ. ಅವರ ತಲೆಯೊಳಗೆ ಆ ದಾರಿ ಇನ್ನೂ ಊರು ಮುಟ್ಟುತ್ತದೆ. ಅಲ್ಲಿ ಡ್ಯಾಮು ಕಟ್ಟಿಲ್ಲ, ನೀರು ನಿಂತಿಲ್ಲ.

ನಾವು ಓಡುವುದೊಂದು ಬಿಟ್ಟು ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದೆವು. ಇನ್ನೊಂದು ಕವಲಿನಲ್ಲಿ ಮತ್ತೆ ಟೊಂಗೆ, ಮತ್ತೆ ಕಲ್ಲು, ಮತ್ತೆ ಹೂವು. ಅದರ ಮುಂದಿನ ಕವಲಿನಲ್ಲೂ ಹಾಗೇ. ಪ್ರತಿ ಹೂವಿನ ಹತ್ತಿರವೂ ನಾನು ತಾಯಿಗೆ ಕೈಮುಗಿದೆ. ಮರಗಳ ಬುಡದಲ್ಲಿ ಆಗಲೇ ನೆರಳು ಕಪ್ಪಾಗುತ್ತಿತ್ತು. ಬಿದಿರಿನ ಮೆಳೆ ದಾಟಿದ ಮೇಲೆ ದಾರಿ ಮೂರಾಗಿ ಒಡೆದಲ್ಲಿಗೆ ಬಂದೆವು. ಅಲ್ಲಿ ಸೊಪ್ಪಿಲ್ಲ. ಕಲ್ಲಿಲ್ಲ. ಹೂವಿಲ್ಲ. ಇದ್ದದ್ದು ಬಿಸಿ ಆರದ ಆನೆ ಲದ್ದಿ.

ದೇವಪ್ಪ ಕೈ ಅಡ್ಡ ಹಿಡಿದರು. ದೂರದಲ್ಲಿ ಬಿದಿರು ಮುರಿಯುವ ಸದ್ದು ಕೇಳುತ್ತಿತ್ತು. ಅವರು ಪಿಸುಮಾತಿನಲ್ಲಿ, "ಅಕ್ಕ, ಇನ್ನು ಮುಂದೆ ನಾನು ಬಿಡೋದಿಲ್ಲ. ಯಾವ ದಾರಿ ಅಂತಲೂ ಗೊತ್ತಿಲ್ಲ. ತಪ್ಪು ದಾರಿ ಹಿಡಿದ್ರೆ ನೇರ ಗುಂಪಿನೊಳಗೇ ಹೋಗ್ತೀವಿ. ವಾಪಸು ಹೋಗಿ ಇನ್ನೂ ಜನ ಕರ್ಕೊಂಡು ಬರೋಣ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಜನ ಕರೆದುಕೊಂಡು ಬರುವಷ್ಟರಲ್ಲಿ ಕತ್ತಲಾಗುತ್ತದೆ. ಕತ್ತಲಾದರೆ ಅತ್ತೆ ನಮಗಿಲ್ಲ. ಮಂಜಣ್ಣ ಒಂದು ಮರಕ್ಕೆ ಹಣೆಯೊತ್ತಿ ನಿಂತುಬಿಟ್ಟ.

ನಾನು ಆ ಮಣ್ಣಿನಲ್ಲೇ ಕೂತೆ. ಹರಕೆ ಹೇಳಿಕೊಳ್ಳೋಣ ಎಂದರೆ ಒಂದೂ ತೋಚಲಿಲ್ಲ. ಸೀರೆ ಉಡಿಸುತ್ತೇನೆ, ಅನ್ನದಾನ ಮಾಡಿಸುತ್ತೇನೆ ಎಂದೆಲ್ಲ ಬೇರೆ ಕಷ್ಟಗಳಲ್ಲಿ ಸರಾಗ ಹೇಳಿದವಳು ನಾನು. ಅವತ್ತು ತಾಯಿಯ ಜೊತೆ ವ್ಯಾಪಾರ ಮಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಗಟ್ಟಿ ದನಿಯ ನಾನು ಆ ಕಾಡಿನಲ್ಲಿ ಕೂಗುವಂತಿರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೇಡಿದೆ. "ತಾಯೀ ಶಾರದೇ, ಎಲ್ಲಿದಾರೆ ಅಂತ ತೋರಿಸದಿದ್ರೂ ಬೇಡ. ಅವರ ದನಿ ಒಮ್ಮೆ ಕೇಳಿಸು. ಒಂದೇ ಸಲ ಸಾಕು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅತ್ತೆ ಮುಸ್ಸಂಜೆ ದೀಪ ಹಚ್ಚಿ ಒಂದು ಹಾಡು ಹೇಳುತ್ತಾರೆ. ಅವರ ಅಮ್ಮ ಕಲಿಸಿದ್ದಂತೆ. ಕಿವಿ ಮಂದವಾದ ಮೇಲೆ ತನ್ನ ದನಿ ತನಗೇ ಕೇಳಲೆಂದು ದೊಡ್ಡದಾಗಿ ಹೇಳುತ್ತಾರೆ. ಶ್ರುತಿಗೂ ಅವರಿಗೂ ಮುನಿಸು. ಗಿರಣಿ ಓಡುತ್ತಿದ್ದರೂ ಅದರ ಮೇಲೆ ಕೇಳುತ್ತದೆ, ಹಿಟ್ಟಿಗೆ ಬಂದವರು ನಗುತ್ತಾರೆ. "ಅತ್ತೆ, ದೇವರಿಗೆ ಕಿವಿ ಚೆನ್ನಾಗೇ ಕೇಳ್ತದೆ" ಎಂದು ನಾನೂ ಎಷ್ಟೋ ಸಲ ಛೇಡಿಸಿದ್ದೇನೆ. "ಇರ್ಲಿ ಬಿಡು, ಇನ್ನೊಂದು ಸಲ ಕೇಳ್ಲಿ" ಎಂದು ಅವರು ಮತ್ತೂ ಏರಿಸುತ್ತಾರೆ.

ಬೇಡಿಕೊಂಡು ಕಣ್ಣು ತೆರೆದಿದ್ದೆನಷ್ಟೇ. ಬಲಗಡೆಯ ಇಳಿಜಾರಿನಿಂದ ಆ ಹಾಡು ಬಂತು.

ಮೊದಲು ನನ್ನ ಭ್ರಮೆ ಎಂದುಕೊಂಡೆ. ದೇವಪ್ಪ ತಿರುಗಿ ನೋಡಿದರು. ಮಂಜಣ್ಣ ಮರದಿಂದ ಹಣೆ ಎತ್ತಿದ. ಮೂವರಿಗೂ ಕೇಳಿತ್ತು. ಅದೇ ರಾಗ, ಅದೇ ಅಪಶ್ರುತಿ, ಎರಡನೇ ಸಾಲಿನಲ್ಲಿ ಉಸಿರು ಸಾಲದೆ ಒಮ್ಮೆ ನಿಲ್ಲುವುದು ಕೂಡ ಅದೇ. ಅಷ್ಟು ಚಂದದ ಸಂಗೀತವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ನಗು ಬರುತ್ತಿತ್ತು.

"ಬಲಗಡೆ ದಾರಿ" ಎಂದರು ದೇವಪ್ಪ. ಅಷ್ಟರಲ್ಲಿ ಎಡಗಡೆಯ ಬಿದಿರಿನಲ್ಲಿ ದೊಡ್ಡದಾಗಿ ಸದ್ದಾಯಿತು. ಅವರು ನಮ್ಮನ್ನು ಮರದ ಮರೆಗೆ ಎಳೆದರು. ಉಸಿರು ಬಿಗಿಹಿಡಿದು ನಿಂತೆವು. ಸದ್ದು ದೂರ ದೂರ ಸರಿಯಿತು. ಗುಂಪು ಹಾಡು ಕೇಳಿದ ದಿಕ್ಕು ಬಿಟ್ಟು ಆಚೆ ಹೊರಟಿತ್ತು. ನಮಗೆ ಕೂಗಬೇಡಿ ಎಂದಿದ್ದ ದೇವಪ್ಪ ತಲೆಯಲ್ಲಾಡಿಸಿ, "ಅಜ್ಜಿ ದನಿಗೆ ಅವೇ ದಾರಿ ಬಿಟ್ಟವು ಅಕ್ಕ" ಎಂದರು.

ಇಳಿಜಾರು ಮುಗಿಯುವಲ್ಲಿ ಹಿನ್ನೀರು ತಟ್ಟೆಯ ಹಾಗೆ ಹರಡಿತ್ತು. ದಾರಿ ದೇವಪ್ಪ ಹೇಳಿದಂತೆಯೇ ಸೀದಾ ಹೋಗಿ ನೀರಿನೊಳಗೆ ಮುಳುಗಿತ್ತು. ಅಂಚಿನಿಂದ ಸ್ವಲ್ಪ ಮೇಲೆ ಒಂದು ಮರದ ಬುಡದಲ್ಲಿ ಊರು ಕಾಯುವ ಚೌಡಿದೇವಿಯ ಹಳೇ ಕಲ್ಲು. ಅದರ ತುಂಬ ಕೇಪಳದ ಹೂ. ಎದುರಿಗೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ನನ್ನ ಅತ್ತೆ ಹಾಡುತ್ತಿದ್ದರು. ಅವರ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ನಾನು ಹೋಗಿ ತಬ್ಬಿಕೊಂಡೆ. ಅವರು ಒಂದು ಕೈಯೆತ್ತಿ ತಡೆದು, ಕೊನೆಯ ಎರಡು ಸಾಲು ಮುಗಿಸಿ, ಕಲ್ಲಿಗೆ ನಮಸ್ಕಾರ ಮಾಡಿ, ಆಮೇಲೆ ನನ್ನ ಕಡೆ ತಿರುಗಿದರು. ಕಿವಿಗೆ ಮೆಷಿನ್ ಹಾಕಿದೆ.

"ಎಂತ ಮಾರಾಯ್ತಿ, ಇಷ್ಟು ತಡ? ಎಷ್ಟೊತ್ತು ಕಾಯೋದು?"

"ಸೀರೆ ಯಾಕೆ ಒದ್ದೆ ಅತ್ತೆ?" ನಾನು ನೆರಿಗೆ ಹಿಂಡುತ್ತಾ ಕೇಳಿದೆ.

"ದಾರಿ ನೀರೊಳಗೆ ಹೋಗಿದೆ ನೋಡು. ಹಳ್ಳ ತುಂಬಿರಬೇಕು, ದಾಟಿದ್ರೆ ಮನೆ ಸಿಕ್ತದೆ ಅಂತ ಸೀರೆ ಎತ್ತಿ ಇಳಿದೆ. ಸ್ವಲ್ಪ ಹೋಗಿದ್ದೆ. ಅಷ್ಟೊತ್ತಿಗೆ ಹೊತ್ತು ಕಂತೋಕಾಯ್ತು. ದೀಪದ ಹೊತ್ತಲ್ಲಿ ಹಾಡು ಹೇಳದೆ ಹೆಂಗೆ ಹೋಗೋದು? ಹೇಳಿ ಮುಗಿಸಿ ಆಮೇಲೆ ದಾಟೋಣ ಅಂತ ವಾಪಸು ಬಂದು ಕೂತೆ."

ಭಕ್ತರೇ, ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ನಾನು ದನಿ ಕೇಳಿಸು ಎಂದು ಬೇಡಿದ್ದೆ, ಅಷ್ಟೇ. ತಾಯಿ ಆ ದನಿಯನ್ನೇ ಹಗ್ಗ ಮಾಡಿ ಅತ್ತೆಯನ್ನು ನೀರಿನಿಂದ ದಡಕ್ಕೆ ಎಳೆದು ಕೂರಿಸಿದ್ದಳು. ನಾನು ಬೇಡುವುದಕ್ಕೂ ಮೊದಲೇ ಎಳೆದಿದ್ದಳು.

ಮಂಜಣ್ಣ ಅತ್ತೆಯ ಕಾಲು ಹಿಡಿದುಕೊಂಡು, "ತಪ್ಪಾಯ್ತು ಅತ್ತೆ, ನಾನು ಕೇಳಬೇಕಿತ್ತು. ನೀವು ಕಳೆದೇ ಹೋದ್ರಿ ಅಂದ್ಕೊಂಡಿದ್ವಿ" ಎಂದು ಅತ್ತ.

"ನಾನೆಲ್ಲಿ ಕಳೆದುಹೋದೆ? ನಾನು ದಾರೀಲೇ ಇದ್ದೆ. ಕಳೆದುಹೋದವ್ರು ನೀವು. ಅದಕ್ಕೇ ಸೊಪ್ಪು ಹಾಕಿ ಬಂದದ್ದು."

"ಆ ಮೂರು ದಾರಿ ಸೇರೋ ಕಡೆ ಹಾಕಲಿಲ್ವಲ್ಲ ಅಜ್ಜಿ" ಎಂದರು ದೇವಪ್ಪ.

"ಹಾಕಿದ್ನಪ್ಪ. ಎರಡು ಟೊಂಗೆ ಹಾಕಿದ್ದೆ. ಆನೆ ತಿಂದಿರಬೇಕು" ಎಂದರು ಅತ್ತೆ, ಪಕ್ಕದ ಮನೆಯ ಕರು ತಿಂದಿತು ಎನ್ನುವ ಹಾಗೆ. ದೇವಪ್ಪ ಅವತ್ತು ಮೊದಲ ಸಲ ನಕ್ಕರು. ಚೌಡಿಯ ಕಲ್ಲಿಗೆ ನಾವೂ ಕೈಮುಗಿದು, ಬೆಳಕಿರುವಾಗಲೇ ಹಿಂದಿರುಗಿದೆವು. ಮುಂದೆ ನಡೆದದ್ದು ಅತ್ತೆ.

ರಸ್ತೆಗೆ ಬರುವಾಗ ಯಜಮಾನರ ಗಾಡಿಯೂ ಬಂದು ನಿಂತಿತ್ತು. ಅವರು ಅಮ್ಮನನ್ನು ನೋಡಿದವರೇ ಎರಡೂ ಕೈ ಹಿಡಿದುಕೊಂಡರು. ಅತ್ತೆಗೆ ಬಳಲಿಕೆ ಆಗಿದೆಯೋ ಏನೋ ಎಂದು ನರಸಿಂಹರಾಜಪುರದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಅತ್ತೆಯ ಬಿಪಿ ನೋಡಿ ಏನೂ ತೊಂದರೆ ಇಲ್ಲ ಎಂದರು. ನನ್ನದನ್ನು ನೋಡಿ ಮಾತ್ರೆ ಬರೆದುಕೊಟ್ಟರು. ಆಚೆ ದಡಕ್ಕೆ ಹೋಗುವ ಯೋಚನೆ ಬಿಟ್ಟು, ತಿರುವಿನಲ್ಲಿ ಕಾಯುತ್ತಿದ್ದ ಎರಡು ಗಾಡಿಗಳಿಗೂ ದೇವಪ್ಪನವರ ಮೂಲಕ ಹೇಳಿಕಳಿಸಿ ಕರೆಸಿಕೊಂಡು, ಅಲ್ಲೇ ಪೇಟೆಯ ಹೊರಗೆ ತಂಗಿದೆವು. ಅತ್ತೆ ಬೆಲ್ಲದ ಕಾಫಿ ಕೇಳಿ ಕುಡಿದರು.

ಭಾನುವಾರ ಬೆಳಿಗ್ಗೆ ಶೃಂಗೇರಿಗೆ ಹೊರಡಬೇಕು. ಮೂರು ಗಾಡಿಯ ಜನರೂ ಹತ್ತಿ ಕೂತರು. ಅತ್ತೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಹೂಬುಟ್ಟಿ ಹಿಡಿದು ಬಂದು ನಮ್ಮ ಗಾಡಿಯ ಮೆಟ್ಟಿಲ ಮೇಲೆ ಬಲಗಾಲಿಟ್ಟು ನಿಂತುಬಿಟ್ಟರು. ಹತ್ತುವುದಿಲ್ಲ, ಇಳಿಯುವುದಿಲ್ಲ. ಏನು ಅಪಶಕುನವಾಯಿತೋ ಎಂದು ಎಲ್ಲರೂ ಗಪ್‌ಚುಪ್.

"ಎಂತ, ಯಾರೂ ಕೇಳೋದಿಲ್ವಾ?" ಎಂದರು.

"ಎಂತ ಕೇಳೋದು ಅತ್ತೆ?"

"ಎಲ್ಲಿಗೆ ಅಂತ. ಕೇಳ್ರೋ. ಕೇಳದಿದ್ರೆ ಆಗೋ ಫಜೀತಿ ನೋಡಿದ್ರಲ್ಲ."

ಕಡೆಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಲೋಕೇಶನೇ ಧೈರ್ಯ ಮಾಡಿದ. ಹೆದರಿ ಹೆದರಿ, "ಎಲ್ಲಿಗಜ್ಜಿ?" ಎಂದ.

"ತಾಯಿ ಹತ್ರ ಕಣೋ. ನಡಿ."

ಕೊಪ್ಪ ದಾಟಿ ಶೃಂಗೇರಿ ಮುಟ್ಟುವ ತನಕ ಮೂರು ಗಾಡಿಯವರೂ ಆ ಮಾತು ಹೇಳಿ ಹೇಳಿ ನಕ್ಕೆವು. ತುಂಗೆಯಲ್ಲಿ ಕಾಲು ತೊಳೆದು ತಾಯಿಯ ಎದುರು ನಿಂತಾಗ ಮಾತ್ರ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಮೈಯೆಲ್ಲ ಹಗುರಾಗಿತ್ತು. ಕೈಮುಗಿದು ಏನು ಬೇಡಲಿ ಎಂದು ಯೋಚಿಸಿದೆ. ಬೇಡುವುದೇನೂ ಉಳಿದಿರಲಿಲ್ಲ. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ, ಅಷ್ಟು ಜನರ ನಡುವೆ, ತಮ್ಮ ಹಾಡನ್ನು ಪೂರ್ತಿ ದನಿಯಲ್ಲಿ ಶುರುಮಾಡಿದರು. ನಾಲ್ಕೈದು ಜನ ತಿರುಗಿ ನೋಡಿದರು. ನಾನು ಸುಮ್ಮನಿರಿ ಎನ್ನಲಿಲ್ಲ. ನನಗೆ ಬರುವಷ್ಟು ನಾನೂ ದನಿಗೂಡಿಸಿದೆ.

ಕಷ್ಟದಲ್ಲಿರುವವರು ಇದನ್ನು ಓದುತ್ತಿದ್ದರೆ ನಾನು ಹೇಳುವುದು ಇಷ್ಟು. ದೊಡ್ಡ ಹರಕೆ ತೋಚದಿದ್ದರೆ ಅಂಜಬೇಡಿ. ಬಾಯಿಗೆ ಬಂದ ಸಣ್ಣ ಮಾತನ್ನೇ ತಾಯಿಯ ಎದುರು ಇಡಿ. ಅವಳಿಗೆ ಅದು ಸಾಕು. ನನಗೆ ಇದರಲ್ಲಿ ಇನ್ನು ಯಾರು ಏನೇ ಹೇಳಿದರೂ ಸಂಶಯವಿಲ್ಲ.

ಈಗ ನಮ್ಮ ಗಿರಣಿಯಲ್ಲಿ ಒಂದು ಹೊಸ ನಿಯಮ ಮಾಡಿದ್ದೇನೆ. ಮುಸ್ಸಂಜೆ ಅತ್ತೆ ದೀಪ ಹಚ್ಚುವ ಹೊತ್ತಿಗೆ, ಎಷ್ಟೇ ಜನ ಅಕ್ಕಿ ರಾಗಿ ಹಿಡಿದು ನಿಂತಿರಲಿ, ಮೋಟರು ಆಫ್ ಮಾಡುತ್ತೇನೆ. ಹಾಡು ಮುಗಿಯುವ ತನಕ ಯಾರಿಗೂ ಹಿಟ್ಟಿಲ್ಲ. ಕೆಲವರು ಗೊಣಗುತ್ತಾರೆ, ಗೊಣಗಲಿ. ಒಂದೇ ಸಲ ಸಾಕು ಎಂದು ನಾನು ಬೇಡಿದ್ದ ದನಿಯನ್ನು ತಾಯಿ ದಿನವೂ ಕೇಳಿಸುತ್ತಿದ್ದಾಳೆ.